ನಾಲ್ಕು ಸಂಘ ಮತ್ತು ಇತ್ಯಾದಿ

ಸೇತುರಾಮನನ್ನು ಆ ಗುರುವಾರ ಹಳ್ಳಕ್ಕೆ ಕೆಡವಿದ್ದು ಒಂದೇ ಒಂದು ವಾಕ್ಯ. ಅದನ್ನು ಬರೆದವನೂ ಅವನೇ.

ಆಗಿನ್ನೂ ರಾಜಾಜಿನಗರ ಪೂರ್ತಿ ಊರಾಗಿರಲಿಲ್ಲ. ಅಳತೆಯ ಕಲ್ಲು ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ, ನಡುನಡುವೆ ಕೇತಮಾರನಹಳ್ಳಿಯವರ ಹೊಲ. ಬಡಾವಣೆಯ ಅಂಚಿನ ದಿಣ್ಣೆಯ ಮೇಲೆ ಮೂರು ವರ್ಷದ ಹಿಂದೆ ಒಂದು ಹೈಸ್ಕೂಲು ಎದ್ದಿತ್ತು. ಜನ ಅದನ್ನು ದಿಣ್ಣೆ ಸ್ಕೂಲು ಎಂದೇ ಕರೆಯುತ್ತಿದ್ದರು. ಐದು ಕೋಣೆ, ಹಿಂದೊಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆಯಿಂದ ಬೀಸಿದರೂ ಒಳಗೇ ನುಗ್ಗುವ ಕೆಮ್ಮಣ್ಣಿನ ಧೂಳು, ಇಷ್ಟು ಅದರ ಆಸ್ತಿ. ಸೇತುರಾಮ ಅಲ್ಲಿ ಚರಿತ್ರೆ ಭೂಗೋಳದ ಮೇಷ್ಟರು. ಶಾಲೆ ಶುರುವಾದ ದಿನದಿಂದ ಇದ್ದರೂ ಇನ್ನೂ ಹಂಗಾಮಿ. ಅವನನ್ನು ಕಾಯಂ ಮಾಡುವ ಕಾಗದ ವಿದ್ಯಾಧಿಕಾರಿಗಳ ಮೇಜಿನ ಮೇಲೆ ಸಹಿಗಾಗಿ ಕಾದು ಕೂತಿತ್ತು. ಆ ಸಹಿಗಾಗಿ ಅವನ ಹೆಂಡತಿ ಅಲಮೇಲು ಹರಕೆ ಹೊರದ ದೇವರು ಮಾಗಡಿ ರಸ್ತೆಯ ಎರಡು ಬದಿಯಲ್ಲೂ ಉಳಿದಿರಲಿಲ್ಲ.

ಬೇಸಿಗೆ ರಜಕ್ಕೆ ಮುಂಚೆ ಹೆಡ್‌ಮಾಸ್ಟರ್ ಚಿಕ್ಕಹನುಮಯ್ಯನವರು ಅವನ ಕೈಗೆ ಶಾಲೆಯ ವಾರ್ಷಿಕ ವರದಿ ಕೊಟ್ಟಿದ್ದರು.

"ಸೇತುರಾಮ್, ಕೊನೇ ಪುಟ ಅರ್ಧ ಖಾಲಿ ಉಳಿದುಬಿಟ್ಟಿದೆ. ಕುಂಕುಮ ಇಲ್ಲದ ಹಣೆ ಥರ ಕಾಣುತ್ತೆ. ನಿಮಗೆ ಬರವಣಿಗೆ ಚೆನ್ನಾಗಿದೆ, ಏನಾದ್ರೂ ತುಂಬಿಸಿ."

ಸೇತುರಾಮ ಹತ್ತು ನಿಮಿಷ ಪೆನ್ನು ಕಚ್ಚಿ ಹೀಗೆ ಬರೆದ: 'ನಮ್ಮ ಶಾಲೆಯಲ್ಲಿ ಚರ್ಚಾ ಸಂಘ, ವಿಜ್ಞಾನ ಸಂಘ, ತೋಟಗಾರಿಕೆ ಸಂಘ, ನಾಟಕ ಸಂಘ ಇತ್ಯಾದಿ ವಿದ್ಯಾರ್ಥಿ ಸಂಘಗಳು ಕಳೆದ ಮೂರು ವರ್ಷಗಳಿಂದ ಅತ್ಯಂತ ಹುರುಪಿನಿಂದ ಕೆಲಸ ಮಾಡುತ್ತಿವೆ.' ಓದಿಕೊಂಡಾಗ ಅವನಿಗೇ ಕಣ್ಣು ತೇವವಾಯಿತು. ನಿಜ ಹೇಳಬೇಕೆಂದರೆ ಆ ಶಾಲೆಯಲ್ಲಿ ಇದ್ದದ್ದು ಒಂದೇ ಸಂಘ. ಮಧ್ಯಾಹ್ನದ ಬಿಡುವಿನಲ್ಲಿ ಹೊಂಗೆ ಮರದಡಿ ಗೋಲಿ ಆಡುವವರದ್ದು. ಅದನ್ನೂ ಡ್ರಿಲ್ ಮೇಷ್ಟರು ಕೆಂಪಯ್ಯ ದಿನಾ ಬೆತ್ತ ಹಿಡಿದು ಚದುರಿಸುತ್ತಿದ್ದರು.

ಅದಾಗಿ ಜುಲೈ ಬಂತು. ಆ ಗುರುವಾರ ಹತ್ತು ಗಂಟೆಗೆ ಸೇತುರಾಮ ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿದ್ದಾಗಲೇ ಜವಾನ ಮುನಿರಾಮಯ್ಯ ಓಡಿಬಂದ.

"ಸಾಮಿ, ದೊಡ್ಡ ಮೇಷ್ಟ್ರು ಕರೀತಾವ್ರೆ. ಮಖ ಸುಟ್ಟ ಬದನೇಕಾಯಿ ಆಗದೆ."

ಹೆಡ್‌ಮಾಸ್ಟರ ಮುಖ ನಿಜಕ್ಕೂ ಹಾಗೇ ಇತ್ತು. ಅವರು ಮಾತಾಡದೆ ಒಂದು ಕಾಗದ ಮುಂದೆ ತಳ್ಳಿದರು. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ವಿದ್ಯಾಧಿಕಾರಿಗಳು ಶಾಲೆಗೆ ಬರುತ್ತಾರೆ. ವಾರ್ಷಿಕ ವರದಿಯಲ್ಲಿ ಹೇಳಿರುವ ವಿದ್ಯಾರ್ಥಿ ಸಂಘಗಳನ್ನು ಖುದ್ದು ನೋಡುತ್ತಾರೆ. ಇಷ್ಟೇ ಇತ್ತು ಅದರಲ್ಲಿ.

ಸೇತುರಾಮ ಕಾಗದವನ್ನು ತಿರುಗಿಸಿ ನೋಡಿದ, ಹಿಂದುಗಡೆ ಏನಾದರೂ ಕರುಣೆ ಬರೆದಿದೆಯೋ ಎಂಬಂತೆ. ಖಾಲಿ.

"ಎಲ್ಲಿವೆಯಪ್ಪಾ ಆ ಸಂಘಗಳು?" ಎಂದರು ಹೆಡ್‌ಮಾಸ್ಟರು.

"ಸಾರ್, ನೀವೇ ತುಂಬಿಸಿ ಅಂದ್ರಿ..."

"ಪುಟ ತುಂಬಿಸಿ ಅಂದೆ. ಸ್ಕೂಲು ತುಂಬಿಸಿ ಅಂದ್ನಾ?"

"ನೀವು ಓದಿ ಸಹಿ ಹಾಕಿದೀರಿ ಸಾರ್."

"ಓದಿದ್ರೆ ಹಾಕ್ತಿದ್ನೇನ್ರೀ? ನಿಮ್ಮ ಮೇಲಿನ ನಂಬಿಕೆಯಿಂದ ಓದದೆ ಹಾಕಿದೆ!" ಹೆಡ್‌ಮಾಸ್ಟರು ಗಡಿಯಾರ ನೋಡಿದರು. "ನಾಲ್ಕು ಗಂಟೆ ಟೈಮಿದೆ. ನಾಲ್ಕು ಸಂಘ. ಗಂಟೆಗೊಂದು ಕಟ್ಟಿ. ಸಾಹೇಬರು ತೃಪ್ತರಾಗಿ ಹೋದ್ರೆ ನಿಮ್ಮ ಕಾಯಂ ಆರ್ಡರು. ಇಲ್ದಿದ್ರೆ ನಾನಂತೂ ಕೈ ತೊಳೆದುಕೊಂಡುಬಿಡ್ತೀನಿ."

ಮಕ್ಕಳು ಬೇಕಲ್ಲ! ಚಿಕ್ಕ ತರಗತಿಗಳ ಹುಡುಗರಿಗೆ ನಾಲ್ಕು ಜನರೆದುರು ನಿಂತರೆ ತಮ್ಮ ಹೆಸರೇ ಮರೆತುಹೋಗುತ್ತಿತ್ತು. ಕೊನೆಗೆ ಸೇತುರಾಮ ಶಾಲೆಯ ಕೊನೆಯ ತರಗತಿಯಾದ ಆರನೇ ಫಾರಮ್ಮಿಗೆ ಹೋಗಿ ಹನ್ನೊಂದು ಜನರನ್ನು ಆರಿಸಿದ. ಅವರಲ್ಲಿ ಇಬ್ಬರು ಮುಖ್ಯ. ಒಬ್ಬ ಮುನಿರಾಜು, ಕೇತಮಾರನಹಳ್ಳಿಯ ರೈತರ ಮಗ. ಎರಡು ವರ್ಷದಿಂದ ಕೊನೆಯ ಬೆಂಚಿನಲ್ಲಿ ಕೂತು ಒಂದು ಮಾತೂ ಆಡದವನು. ಬಾಗಿಲ ಪಕ್ಕ ಕೂತಿದ್ದ ಎಂಬ ಒಂದೇ ಕಾರಣಕ್ಕೆ ಸೇತುರಾಮನ ಕೈಗೆ ಸಿಕ್ಕಿಬಿದ್ದ. ಇನ್ನೊಬ್ಬಳು ಕೋಕಿಲಾ, ಯಾವ ಪ್ರಶ್ನೆಗೂ ಉತ್ತರ ಗೊತ್ತಿರುವ, ಗೊತ್ತಿಲ್ಲದಿದ್ದರೂ ಕೈ ಎತ್ತುವ ಹುಡುಗಿ.

"ನೋಡ್ರೋ, ಇವತ್ತು ಒಬ್ಬರು ದೊಡ್ಡ ಸಾಹೇಬರು ಬರ್ತಾರೆ. ನೀವು ಹನ್ನೊಂದು ಜನವೂ ನಾಲ್ಕು ಸಂಘದ ಸದಸ್ಯರು. ಯಾವಾಗಿಂದ ಅಂತ ಕೇಳಿದ್ರೆ ಬಹಳ ದಿನದಿಂದ ಅನ್ನಬೇಕು."

"ಸಾರ್, ಸಂಘದಲ್ಲಿ ಏನ್ ಮಾಡ್ತಾರೆ?" ಎಂದಳು ಕೋಕಿಲಾ.

"ಸೇರ್ತಾರೆ."

"ಸೇರಿ?"

"ಅದೇ ಯೋಚನೆ ಮಾಡ್ತಾ ಇದೀನಿ, ಸ್ವಲ್ಪ ಸುಮ್ನಿರಮ್ಮ."

ಸುದ್ದಿ ಅಷ್ಟರಲ್ಲಿ ಶಾಲೆಯೆಲ್ಲ ಹರಡಿ, ಸಹಾಯ ಮಾಡಲು ಬಂದವರಿಂದಲೇ ಕಷ್ಟ ಶುರುವಾಯಿತು. ಮೊದಲು ಬಂದವರು ಕೆಂಪಯ್ಯ. ವಿಜ್ಞಾನದ ಬೀರುವಿನ ಬೀಗದ ಕೈ ಕಳೆದು ಎಷ್ಟೋ ತಿಂಗಳಾಗಿತ್ತು. "ಕೀಲಿ ಯಾಕ್ರೀ?" ಎಂದವರೇ ಡಂಬೆಲ್ಸು ತಂದು ಒಂದೇ ಏಟಿಗೆ ಬೀಗವನ್ನೂ ಬೀರುವಿನ ಬಾಗಿಲನ್ನೂ ಕೆಳಗಿಳಿಸಿದರು. ಒಳಗೆ ಒಂದು ಅಯಸ್ಕಾಂತ, ಎರಡು ಗಾಜಿನ ಲೋಟ, ಜಿರಳೆ ಚೀಟಿ ತಿಂದುಹಾಕಿದ್ದ ಮೂರು ಸೀಸೆ ಇದ್ದವು.

ಕೋಕಿಲಾ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಸಾರ್, ನಮ್ಮಣ್ಣ ಇಂಟರ್ ಓದ್ತಾ ಇದಾನೆ. ಈ ಕಪ್ಪು ಗಟ್ಟಿ ಮೇಲೆ ಆಸಿಡ್ ಹಾಕಿದ್ರೆ ಗ್ಯಾಸು ಬರುತ್ತೆ ಅಂತ ಹೇಳಿದ್ದ."

"ಎಂಥ ಗ್ಯಾಸು?"

"ಅದು ಹೇಳ್ಲಿಲ್ಲ ಸಾರ್."

ಗ್ಯಾಸು ಎಂದರೆ ವಿಜ್ಞಾನವೇ. ಸೇತುರಾಮ ಒಪ್ಪಿಕೊಂಡ.

ಆಮೇಲೆ ತೋಟ. ಶಾಲೆಯ ಜಾಗದಲ್ಲಿ ಕಲ್ಲು, ಮುಟ್ಟಿದರೆ ಮುನಿ ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ಆದರೆ ಮುಳ್ಳುಬೇಲಿಯ ಆಚೆ ಅಕ್ಕಯ್ಯಮ್ಮನ ಬದನೆ ತೋಟ ಸೊಂಪಾಗಿ ನಿಂತಿತ್ತು. ಅಕ್ಕಯ್ಯಮ್ಮ ಅರವತ್ತು ದಾಟಿದ ಹೆಂಗಸು. ಅವಳ ಬಾಯಿಗೆ ಹೆದರಿ ಬಡಾವಣೆಯ ಅಳತೆಯವರು ಸರಪಳಿಯನ್ನು ಸುತ್ತುಬಳಸಿ ಎಳೆದುಕೊಂಡು ಹೋಗಿದ್ದರು ಎಂದು ಜನ ಹೇಳುತ್ತಿದ್ದರು. ಸೇತುರಾಮ ಬೇಲಿಯ ಬಳಿ ಕೈಮುಗಿದು ನಿಂತ.

"ಏನ್ ಮೇಷ್ಟ್ರೇ, ನನ್ ಬದ್ನೇಕಾಯ್ ಮ್ಯಾಲೆ ಕಣ್ ಮಡಗಿದ್ದೀರಾ?"

"ಅರ್ಧ ಗಂಟೆ ಮಟ್ಟಿಗೆ ತೋಟ ನಮ್ಮದು ಅನ್ನಿಸ್ಕೊಳ್ಳಲಿ ಅಷ್ಟೇ ತಾಯಿ. ಸಾಹೇಬರು ನೋಡಿ ಹೋಗಿಬಿಡ್ತಾರೆ."

"ನೋಡದು ಸರಿ. ಮುಟ್ಟಿದ್ರೆ ಮಾತ್ರ ಸಾಯೇಬ್ರು ಅಂತಾನೂ ನೋಡಕ್ಕಿಲ್ಲ, ಪಾಯೇಬ್ರು ಅಂತಾನೂ ನೋಡಕ್ಕಿಲ್ಲ."

ಹುಡುಗರು ನಡುವಿನ ಬೇಲಿಯನ್ನು ಎತ್ತಿ ಪಕ್ಕಕ್ಕಿಟ್ಟರು.

ನಾಟಕ ಸಂಘದ ಹೊಣೆಯನ್ನು ಯಾರೂ ಕೇಳದೆಯೇ ಜವಾನ ಮುನಿರಾಮಯ್ಯ ಹೊತ್ತುಕೊಂಡ. ಅವನು ತನ್ನ ಹಳ್ಳಿಯಲ್ಲಿ ರಾಜನ ವೇಷ ಹಾಕುತ್ತಿದ್ದವನು. ಪಟ್ಟಣಕ್ಕೆ ಬಂದು ಗಂಟೆ ಹೊಡೆಯುವ ಕೆಲಸ ಹಿಡಿದ ಮೇಲೆ ರಾಜ್ಯ ಕಳೆದುಕೊಂಡಿದ್ದ. ಹೆಡ್‌ಮಾಸ್ಟರ ಶಾಲನ್ನೇ ಪೀತಾಂಬರ ಮಾಡಿಕೊಂಡ. ಊಟದ ಬಿಡುವಿನಲ್ಲಿ ಮುನಿರಾಜುವನ್ನು ಹಿಡಿದು ಕೂರಿಸಿ, ದೀಪದ ಕಾಡಿಗೆಗೆ ಹರಳೆಣ್ಣೆ ಕಲಸಿ, ಸೇನಾಪತಿಯ ಮೀಸೆ ಬರೆದೇಬಿಟ್ಟ.

"ಲೋ ಮುನಿರಾಮಯ್ಯ! ಅವನು ಮೊದಲು ಚರ್ಚೆ ಮಾಡಬೇಕು, ಆಮೇಲೆ ನಾಟಕ! ಒರೆಸು!" ಎಂದು ಸೇತುರಾಮ ಚೀರಿದ.

ಒರೆಸಿದರು. ಸೋಪು ಹಾಕಿ ಉಜ್ಜಿದರು. ಮೀಸೆ ಹೋಗಲಿಲ್ಲ, ಕಿವಿಯವರೆಗೂ ಬೆಳೆಯಿತು.

ಅಷ್ಟರಲ್ಲಿ ದಿಣ್ಣೆಯ ಬುಡದಲ್ಲಿ ಕಾರಿನ ಸದ್ದು ಕೇಳಿಸಿತು.

ವಿದ್ಯಾಧಿಕಾರಿಗಳು ಸಣಕಲು ಮನುಷ್ಯ. ದಪ್ಪ ಕನ್ನಡಕ, ಕೈಯಲ್ಲೊಂದು ಉದ್ದನೆಯ ನೋಟುಬುಕ್ಕು. ನಗುವುದೂ ಇಲ್ಲ, ಸಿಡುಕುವುದೂ ಇಲ್ಲ. ಏನು ಹೇಳಿದರೂ "ಹೂಂ" ಎನ್ನುವುದು, ಬರೆದುಕೊಳ್ಳುವುದು. ಆ ಒಂದೊಂದು ಹೂಂಗೂ ಸೇತುರಾಮನ ಬೆನ್ನಿನಲ್ಲಿ ಒಂದೊಂದು ಬೆವರಿನ ಹನಿ ಇಳಿಯುತ್ತಿತ್ತು.

ಮೊದಲು ಚರ್ಚಾ ಸಂಘ. ಅವಸರದಲ್ಲಿ, ಸಾಹೇಬರಿಗೆ ಹಿಡಿಸಲಿ ಎಂದು ಸೇತುರಾಮ ಆರಿಸಿದ್ದ ವಿಷಯ 'ಪಾಠಕ್ಕಿಂತ ಸಂಘವೇ ಮೇಲು'. ಪರವಾಗಿ ಮಾತಾಡುವವರು ಯಾರು ಎಂದಾಗ ಹನ್ನೊಂದು ಕೈಗಳೂ ಎದ್ದವು. ವಿರುದ್ಧ ಯಾರು ಎಂದಾಗ ಎಲ್ಲರೂ ಹೆಂಚು ನೋಡಿದರು.

ಮೊದಲು ಎದ್ದವನು ಕಿವಿಯವರೆಗೆ ಮೀಸೆಯಿದ್ದ ಮುನಿರಾಜು. ಸೇತುರಾಮ ಕಣ್ಣು ಮುಚ್ಚಿಕೊಂಡ. ಎರಡು ವರ್ಷದಿಂದ ಬಾಯಿ ಬಿಡದವನು ಈಗ ಏನು ಬಿಟ್ಟಾನು?

"ಸಭಿಕರೇ!" ಎಂದು ಮುನಿರಾಜು ಗುಡುಗಿದ. ಆ ಸದ್ದಿಗೆ ಅವನೇ ಬೆಚ್ಚಿದ. ಆಮೇಲೆ ಕಟ್ಟೆ ಒಡೆದ ಕೆರೆಯ ಹಾಗೆ ಹರಿದ. "ಪಾಠದಲ್ಲಿ ಮೇಷ್ಟ್ರು ಮಾತಾಡ್ತಾರೆ, ನಾವು ನಿದ್ದೆ ಮಾಡ್ತೀವಿ! ಸಂಘದಲ್ಲಿ ನಾವು ಮಾತಾಡ್ತೀವಿ, ಮೇಷ್ಟ್ರು ಬೆವರ್ತಾರೆ! ಯಾವುದು ಮೇಲು, ನೀವೇ ಹೇಳಿ!"

ಹತ್ತು ಜನ ಬೆಂಚು ಬಡಿದರು. ಸಾಹೇಬರು "ಹೂಂ" ಎಂದು ಒಂದು ಪುಟ ಬರೆದುಕೊಂಡರು. ಸೇತುರಾಮನಿಗೆ ದಂಗುಬಡಿದ ಹಾಗಾಯಿತು. ಆದರೂ ಎಲ್ಲೋ ಒಳಗೆ ಒಂದಿಷ್ಟು ಹೆಮ್ಮೆಯೂ ಮಿಸುಕಿತು.

ಸಾಹೇಬರನ್ನು ಪಡಸಾಲೆಯ ಉದ್ದಕ್ಕೂ ಸುತ್ತಿಸಿಕೊಂಡು ಬರುವಷ್ಟರಲ್ಲಿ ಹನ್ನೊಂದು ಜನವೂ ಹಿಂದಿನ ಕಿಟಕಿಯಿಂದ ಹಾರಿ ವಿಜ್ಞಾನದ ಕೋಣೆಗೆ ಸೇರಬೇಕು, ಇದು ಉಪಾಯ. ಗುಟ್ಟಾಗಿ ದಾಟಿಸಿ ಎಂದು ಕೆಂಪಯ್ಯನವರಿಗೆ ಹೇಳಿಯಾಗಿತ್ತು. ಕೆಂಪಯ್ಯನವರಿಗೆ ಗುಟ್ಟಿನ ಅಭ್ಯಾಸವಿರಲಿಲ್ಲ. ಗೋಡೆಯ ಆಚೆಯಿಂದ "ಲೆಫ್ಟ್, ರೈಟ್! ಲೆಫ್ಟ್, ರೈಟ್!" ಎಂಬ ಕೂಗು, ಶಿಳ್ಳೆ, ಇಪ್ಪತ್ತೆರಡು ಕಾಲುಗಳ ದಡದಡ ಸದ್ದು ಕೇಳಿಬಂತು.

"ಅದೇನು ಸದ್ದು?"

"ಡ್ರಿಲ್ಲು ಸಾರ್. ನಮ್ಮಲ್ಲಿ ಡ್ರಿಲ್ಲಿಗೂ ಅಷ್ಟೇ ಹುರುಪು."

"ಹೂಂ."

ವಿಜ್ಞಾನದ ಕೋಣೆಯಲ್ಲಿ ಮತ್ತೆ ಅದೇ ಹನ್ನೊಂದು ಮುಖ, ಅದೇ ಮೀಸೆ. ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

"ಈ ಹುಡುಗ ಚರ್ಚಾ ಸಂಘದಲ್ಲಿ ಇದ್ದನಲ್ಲ?"

"ಇದರಲ್ಲೂ ಇದಾನೆ ಸಾರ್. ಈ ಹನ್ನೊಂದು ಜನ ಎಲ್ಲಾ ಸಂಘದಲ್ಲೂ ಇದಾರೆ. ಹೊತ್ತು ಗೊತ್ತು ನೋಡೋದಿಲ್ಲ ಸಾರ್, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಇದೇ ಕೆಲಸ!" ಎಂದ ಸೇತುರಾಮ. ಮಾತು ತಾನೇ ತಾನಾಗಿ ಬಾಯಿಂದ ಹೊರಬರುತ್ತಿತ್ತು.

"ಎಲ್ಲರೂ ಆರನೇ ಫಾರಮ್ಮು?"

"ಎಲ್ಲರೂ ಸಾರ್!"

ಸಾಹೇಬರು ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದರು. ಎರಡು ಗೆರೆ ನೋಡಿ ಸೇತುರಾಮನಿಗೆ ಎದೆ ಅರಳಿತು.

ಕೋಕಿಲಾ ಕಪ್ಪು ಗಟ್ಟಿಯ ಮೇಲೆ ಆಸಿಡ್ ಸುರಿದಳು. ನೊರೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಗ್ಯಾಸು ಬಂತು. ಒಂದು ಗಾಡಿ ಮೊಟ್ಟೆ ಒಟ್ಟಿಗೆ ಕೊಳೆತಂಥ ವಾಸನೆ! ಹೆಡ್‌ಮಾಸ್ಟರು ಬಾಗಿಲಿಗೆ ಓಡಿದರು. ಅಯ್ಯಂಗಾರರ ಮನೆಯ ಸೇತುರಾಮ, ಮೊಟ್ಟೆಯ ಪರಿಚಯವೇ ಇಲ್ಲದಿದ್ದರೂ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ಸಾಹೇಬರು ಮಾತ್ರ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯಲ್ಲಿ ಬರೆಯುತ್ತಲೇ ಇದ್ದರು.

"ಯಶಸ್ವಿ ಸಾರ್!" ಎಂದಳು ಕೋಕಿಲಾ ಕೆಮ್ಮುತ್ತ.

ಗಾಳಿಗಾಗಿ ಹಪಹಪಿಸುತ್ತ ಎಲ್ಲರೂ ತೋಟಕ್ಕೆ ಬಂದರು. ಹನ್ನೊಂದು ಜನ ಆಗಲೇ ಗುದ್ದಲಿ ಹಿಡಿದು, ಏದುಸಿರು ಬಿಡುತ್ತ, ಗಿಡಗಳ ನಡುವೆ ಬಗ್ಗಿದ್ದರು. ತೋಟದ ಚೆಂದ ನೋಡಿ ಸಾಹೇಬರ ಮುಖದಲ್ಲಿ ಮೊದಲ ಸಲ ಒಂದು ಗೆರೆ ಸಡಿಲಾಯಿತು. ಬಗ್ಗಿ, ಫಳಫಳ ಹೊಳೆಯುವ ಒಂದು ಬದನೆಕಾಯಿಯನ್ನು ಪಟ್ಟನೆ ಕಿತ್ತರು.

"ಯಾವನ್ಲಾ ಅವ್ನು!"

ಗುಡಿಸಲಿನಿಂದ ಅಕ್ಕಯ್ಯಮ್ಮ ಬಂದ ರಭಸಕ್ಕೆ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ಮೆಣಸಿನ ಗಿಡದ ಮೇಲೆ ಕಾಲಿಟ್ಟರು. "ಅಯ್ಯೋ ನನ್ ಮೆಣಸಿನ್ ಗಿಡ! ಕನ್ನಡಕ ಹಾಕ್ಕಂಡಿದ್ದೀಯ, ಕಣ್ ಕಾಣಕ್ಕಿಲ್ವಾ? ಮಡಗು ಕಾಯಿನಾ!"

ಸಾಹೇಬರು ಕಾಯನ್ನು ಹಿಂದಕ್ಕೆ ಕೊಟ್ಟುಬಿಟ್ಟರು. "ಯಾರಿವರು?" ಎಂದರು ಸಣ್ಣ ದನಿಯಲ್ಲಿ.

ಸೇತುರಾಮ ಇಬ್ಬರ ನಡುವೆ ನುಗ್ಗಿದ. "ಸಾರ್, ಇವರು ನಮ್ಮ ತೋಟಗಾರಿಕೆ ಸಂಘದ ಗೌರವಾಧ್ಯಕ್ಷರು. ಶಿಸ್ತು ಸ್ವಲ್ಪ ಜಾಸ್ತಿ."

"ಅದ್ಯಾವ್ ದಕ್ಷ್ರು? ನಾನ್ ಯಾರ ದಕ್ಷ್ರೂ ಅಲ್ಲ!" ಎಂದಳು ಅಕ್ಕಯ್ಯಮ್ಮ. ಮುನಿರಾಜು ಅವಳ ಕಿವಿಯಲ್ಲಿ ಏನೋ ಊದಿದ. ಅವಳು ಸೆರಗು ಸರಿಮಾಡಿಕೊಂಡು, "ಊಂ, ನಾನೇಯ. ಈ ಐಕ್ಳು ದಿನಾ ನನ್ ತೋಟದಾಗೇ ಬಿದ್ದಿರ್ತಾವೆ. ಪುಸ್ತಕ ಮುಟ್ಟಿದ್ದು ನಾನ್ ಕಂಡೇ ಇಲ್ಲ" ಎಂದಳು.

ಸಾಹೇಬರು ಅದನ್ನೂ ಅಕ್ಷರ ಬಿಡದೆ ಬರೆದುಕೊಂಡರು.

ಕೊನೆಗೆ ತಗಡಿನ ಶೆಡ್ಡಿನಲ್ಲಿ ನಾಟಕ. ಹತ್ತು ನಿಮಿಷದ್ದು ಎಂದು ನಿಗದಿಯಾಗಿತ್ತು. ಆದರೆ ಇಷ್ಟು ವರ್ಷದ ಮೇಲೆ ಸಿಂಹಾಸನ ಸಿಕ್ಕ ಮುನಿರಾಮಯ್ಯ ಸುಲಭವಾಗಿ ಇಳಿಯುತ್ತಾನೆಯೇ? ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದ ಕಿರೀಟ ಇಟ್ಟು, ಕೆಂಪಯ್ಯನವರ ಬೆತ್ತವನ್ನು ಕತ್ತಿಯಾಗಿ ಬೀಸುತ್ತ ಮುಕ್ಕಾಲು ಗಂಟೆ ಆರ್ಭಟಿಸಿದ. ಮಾತು ಕಲಿಯಲು ಹೊತ್ತಿಲ್ಲದ ಸೈನಿಕರು ಯುದ್ಧ ಶುರುವಾಗುವ ಮೊದಲೇ ಸತ್ತು ಬಿದ್ದರು. ಓಡಿ ಓಡಿ ದಣಿದಿದ್ದರಿಂದ ಅವರಲ್ಲಿ ಇಬ್ಬರು ನಿಜಕ್ಕೂ ಗೊರಕೆ ಹೊಡೆದರು. ಶಾಲೆಯ ಕೊನೆಯ ಗಂಟೆ ಹೊಡೆಯಬೇಕಾದವನೇ ರಾಜನಾಗಿದ್ದುದರಿಂದ ಹೊತ್ತು ಮೀರಿದರೂ ಯಾವ ತರಗತಿಯೂ ಬಿಡಲಿಲ್ಲ.

ಎಲ್ಲ ಮುಗಿಯಿತೆಂದು ಸೇತುರಾಮ ಉಸಿರು ಬಿಟ್ಟ. ಸಾಹೇಬರು ವರದಿ ತೆಗೆದು ಬೆರಳಿಟ್ಟರು.

"ಚರ್ಚೆ, ವಿಜ್ಞಾನ, ತೋಟಗಾರಿಕೆ, ನಾಟಕ ಆಯಿತು. ಈ ಇತ್ಯಾದಿ ಎಲ್ಲಿ?"

ಹೆಡ್‌ಮಾಸ್ಟರು ಸೇತುರಾಮನನ್ನು ನೋಡಿದರು. ಸೇತುರಾಮ ತಗಡನ್ನು ನೋಡಿದ. ಸತ್ತು ಬಿದ್ದಿದ್ದ ಮುನಿರಾಜು ಎದ್ದು ಕೂತ.

"ಸಾರ್, ಇತ್ಯಾದಿ ಸಂಘ ಸೋಮವಾರ ಸೋಮವಾರ ಸೇರುತ್ತೆ ಸಾರ್. ಅದರಲ್ಲೂ ನಾವೇ ಸಾರ್."

"ಹೂಂ," ಎಂದರು ಸಾಹೇಬರು. ಬರೆದುಕೊಂಡರು.

ಹೆಡ್‌ಮಾಸ್ಟರ ಕೋಣೆಯಲ್ಲಿ ಉಪ್ಪಿಟ್ಟು ಕಾಫಿ ಸಿದ್ಧವಾಗಿತ್ತು. ಸಾಹೇಬರು ಮುಟ್ಟಲಿಲ್ಲ. ಸೇತುರಾಮ ಕೈ ಕಟ್ಟಿಕೊಂಡು, ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡು ನಿಂತ.

"ಮಿಸ್ಟರ್ ಸೇತುರಾಮ್, ಈ ಎಲ್ಲಾ ಸಂಘಗಳನ್ನೂ ಕಟ್ಟಿದವರು ನೀವೇನಾ?"

"ನಾನೊಬ್ಬನೇ ಸಾರ್."

"ಅವರೊಬ್ಬರೇ ಸಾರ್," ಎಂದರು ಹೆಡ್‌ಮಾಸ್ಟರು, ಅಷ್ಟೇ ವಿನಯದಿಂದ.

"ಈ ಸಲ ಎಸ್.ಎಸ್.ಎಲ್.ಸಿ.ಯಲ್ಲಿ ಈ ಶಾಲೆಯಿಂದ ಎಷ್ಟು ಜನ ಪಾಸಾದರು?"

ಹೆಡ್‌ಮಾಸ್ಟರು ಕೆಮ್ಮಿದರು. "ಮೂವತ್ತೊಂದರಲ್ಲಿ... ಒಂಬತ್ತು ಸಾರ್."

ಸಾಹೇಬರು ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಇದು ಹೋದ ವಾರದ ಆಜ್ಞೆ. ಎಲ್ಲಿ ಅರ್ಧದಷ್ಟು ಮಕ್ಕಳೂ ಪಾಸಾಗಿಲ್ಲವೋ ಅಲ್ಲಿ ಒಂದು ಸಂಘವೂ ಇರಕೂಡದು. ಮಕ್ಕಳ ಓದು ಕೆಡಿಸುತ್ತಿರುವ ಉಪಾಧ್ಯಾಯರು ಯಾರು ಅಂತ ಪತ್ತೆ ಮಾಡೋಕೆ ನಾನೇ ಶಾಲೆ ಶಾಲೆ ತಿರುಗ್ತಾ ಇದೀನಿ. ಪೇಟೆಯ ಶಾಲೆಗಳಿಗೆ ನನಗಿಂತ ಮುಂಚೆ ಸುದ್ದಿ ಹೋಗಿಬಿಟ್ಟಿದೆ. ಎಲ್ಲಿ ಹೋದ್ರೂ ಸಂಘ ಮುಚ್ಚಿಡ್ತಾರೆ. ತಬಲ ಅಟ್ಟದ ಮೇಲೆ, ಕೇರಂ ಬೋರ್ಡು ಹಾಸಿಗೆ ಕೆಳಗೆ. ಇದೊಂದೇ ಶಾಲೆ, ಎಲ್ಲಾ ಧೈರ್ಯವಾಗಿ ತೆರೆದು ತೋರಿಸಿದ್ದು. ಅದೂ ಪರೀಕ್ಷೆಗೆ ಕೂರೋ ಮಕ್ಕಳು! ಬೆಳಿಗ್ಗೆಯಿಂದ ಸಾಯಂಕಾಲದವರೆಗೆ!"

ಸೇತುರಾಮ ಮೇಜಿನ ಅಂಚು ಹಿಡಿದುಕೊಂಡ.

"ನಾನು ಹೇಳ್ತಾನೇ ಇದ್ದೆ ಸಾರ್," ಎಂದರು ಹೆಡ್‌ಮಾಸ್ಟರು. "ಬೇಡ ಸೇತುರಾಮ್, ಮಕ್ಕಳ ಓದು ಕೆಡುತ್ತೆ ಅಂತ. ಕೇಳಲಿಲ್ಲ."

ಸೇತುರಾಮ ಬಾಯಿ ತೆರೆದು ಹೆಡ್‌ಮಾಸ್ಟರನ್ನು ನೋಡಿದ. ಆಮೇಲೆ ಮಾನ ಮರ್ಯಾದೆ ಎಲ್ಲ ಬಿಟ್ಟು ಸಾಹೇಬರ ಕಡೆ ತಿರುಗಿದ. "ಸಾರ್, ನಿಜ ಹೇಳಿಬಿಡ್ತೀನಿ. ಇಲ್ಲಿ ಒಂದು ಸಂಘವೂ ಇಲ್ಲ! ಎಲ್ಲಾ ಸುಳ್ಳು! ಪುಟ ತುಂಬಿಸೋಕೆ ಬರೆದೆ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಶುರು ಮಾಡಿದ್ದು. ಆ ತೋಟ ನಮ್ಮದಲ್ಲ, ಆ ರಾಜ ನಮ್ಮ ಜವಾನ, ಆ ಗ್ಯಾಸು ಏನು ಅಂತ ನನಗೆ ಈಗಲೂ ಗೊತ್ತಿಲ್ಲ!"

ಸಾಹೇಬರು ಮೊದಲ ಸಲ ನಕ್ಕರು. "ಪ್ರತಿ ಶಾಲೆಯಲ್ಲೂ ಇದೇ ಮಾತು ಕೇಳಿದೀನಿ. ನಮ್ಮಲ್ಲಿ ಸಂಘವೇ ಇಲ್ಲ ಸಾರ್ ಅಂತ. ಆದ್ರೆ ಅವರು ನಾನು ನೋಡೋಕೆ ಮುಂಚೆ ಹಾಗಂದ್ರು. ನೀವು ನೋಡಿದ ಮೇಲೆ ಹೇಳ್ತಾ ಇದೀರಿ. ಆ ಹುಡುಗನ ಭಾಷಣ ಒಂದು ಬೆಳಿಗ್ಗೆಯಲ್ಲಿ ತಯಾರಾಗುತ್ತೇನ್ರೀ?"

ಕಿಟಕಿಯ ಹೊರಗೆ ಗುಜುಗುಜು ಕೇಳಿಸಿತು. ಹನ್ನೊಂದು ತಲೆಗಳು ಸರಳಿಗೆ ಅಂಟಿಕೊಂಡಿದ್ದವು. ತಮ್ಮ ಮೇಷ್ಟರು ಏನೋ ತೊಂದರೆಯಲ್ಲಿದ್ದಾರೆ ಎಂಬುದಷ್ಟೇ ಅವರಿಗೆ ಗೊತ್ತಾಗಿತ್ತು.

"ಸಾರ್, ಸೇತುರಾಮ್ ಸಾರ್ ಸುಳ್ಳು ಹೇಳ್ತಾ ಇದಾರೆ!" ಎಂದು ಕೋಕಿಲಾ ಕೈ ಎತ್ತಿ ಕೂಗಿದಳು. "ಸಂಘ ಇದೆ ಸಾರ್! ಬಹಳ ದಿನದಿಂದ ಇದೆ!"

"ನಮ್ಮನ್ನ ಉಳಿಸೋಕೆ ಹಾಗಂತಾರೆ ಸಾರ್," ಎಂದ ಮುನಿರಾಜು, ಮೀಸೆ ನಡುಗಿಸುತ್ತ. "ಇಂಥ ಮೇಷ್ಟ್ರು ಎಲ್ಲೂ ಇಲ್ಲ ಸಾರ್. ಪಾಠ ಗೀಠ ಅಂತ ಒಂದಿನಾನೂ ಕಷ್ಟ ಕೊಟ್ಟಿಲ್ಲ!"

ಅಲ್ಲಿಗೆ ಸೇತುರಾಮನ ಕತೆ ಮುಗಿಯಿತು. ಸಾಹೇಬರು ನೋಟುಬುಕ್ಕು ಮುಚ್ಚಿದರು.

"ನಾಲ್ಕೂ ಸಂಘ, ಆ ಇತ್ಯಾದಿ, ಎಲ್ಲಾ ಇವತ್ತೇ ವಿಸರ್ಜನೆ ಆಗಬೇಕು. ಬಾಯಿ ಮಾತಲ್ಲಿ ಅಲ್ಲ. ಒಂದೊಂದು ಸಂಘದ್ದೂ ಸರ್ವಸದಸ್ಯರ ಸಭೆ ಕರೆದು, ಠರಾವು ಪಾಸು ಮಾಡಿ, ಸದಸ್ಯರ ಸಹಿ ಹಾಕಿಸಿ, ಮೂರು ವರ್ಷದ ನಡಾವಳಿ ಪುಸ್ತಕದ ಜೊತೆ ನಾಳೆ ಹತ್ತು ಗಂಟೆಗೆ ನನ್ನ ಆಫೀಸಿಗೆ ತನ್ನಿ. ಅದು ಬಂದ ಮೇಲೆ ನಿಮ್ಮ ಕಾಯಂ ಕಾಗದದ ಯೋಚನೆ. ಬರಲಿಲ್ಲ ಅಂದ್ರೆ ಅದನ್ನ ಹರಿದುಹಾಕ್ತೀನಿ."

ಕಾರು ದಿಣ್ಣೆ ಇಳಿದು ಹೋಯಿತು. ಕೆಮ್ಮಣ್ಣಿನ ಧೂಳಿನಲ್ಲಿ ನಿಂತ ಸೇತುರಾಮನಿಗೆ ನಿಧಾನವಾಗಿ ಹೊಳೆಯಿತು: ಸಂಘವನ್ನು ವಿಸರ್ಜಿಸಬೇಕಾದರೆ ಮೊದಲು ಅದನ್ನು ಸ್ಥಾಪಿಸಬೇಕು. ಮೂರು ವರ್ಷದ ಸುಳ್ಳು ನಡಾವಳಿಯನ್ನು ತಾನೇ ಕೂತು ಬರೆಯಬಹುದು, ಅದರಲ್ಲಿ ಅವನ ಕೈ ಪಳಗಿತ್ತು. ಸಹಿ ಮಾತ್ರ ಮಕ್ಕಳದ್ದೇ ಆಗಬೇಕು.

ಐದು ಗಂಟೆಗೆ ಆರನೇ ಫಾರಮ್ಮಿನ ಕೋಣೆಯಲ್ಲಿ ದಿಣ್ಣೆ ಸ್ಕೂಲಿನ ಚರ್ಚಾ ಸಂಘ ಮೊಟ್ಟಮೊದಲ ಬಾರಿಗೆ ನಿಜವಾಗಿ ಸೇರಿತು. ಕೋಕಿಲಾಳನ್ನು ಅಧ್ಯಕ್ಷಿಣಿಯಾಗಿ ಆರಿಸಿದರು. ಅವಳು ಹೊಸ ಪುಸ್ತಕದ ಮೊದಲ ಪುಟಕ್ಕೆ ಅಂಚು ಹಾಕಿ ತಾರೀಖು ಬರೆದಳು.

ಸೇತುರಾಮ ಗಂಟಲು ಸರಿಮಾಡಿಕೊಂಡು ಠರಾವು ಓದಿದ: "ಈ ಸಂಘವನ್ನು ಈ ಕೂಡಲೇ ವಿಸರ್ಜಿಸಲಾಗಿದೆ. ಬೇಗ ಕೈ ಎತ್ರಪ್ಪ, ಇನ್ನೂ ನಾಲ್ಕು ಸಭೆ ಇದೆ."

ಒಂದು ಕೈಯೂ ಏಳಲಿಲ್ಲ.

"ಯಾಕ್ರೋ?"

ಮುನಿರಾಜು ಎದ್ದುನಿಂತ. ಈಗ ಗುಡುಗಲಿಲ್ಲ. "ಸಾರ್, ಈ ಸ್ಕೂಲಿಗೆ ಬಂದು ಇದು ಮೂರನೇ ವರ್ಷ. ನೀನು ಮಾತಾಡೋ ಅಂತ ನನಗೆ ಒಬ್ಬರು ಹೇಳಿದ್ದು ಇವತ್ತೇ ಸಾರ್. ಇವತ್ತೇ ಶುರು ಮಾಡಿ ಇವತ್ತೇ ಮುಚ್ಚೋದು ಅಂದ್ರೆ ಹೆಂಗೆ ಸಾರ್?"

"ಲೋ, ನನ್ನ ಕೆಲಸ ಹೋಗುತ್ತೆ ಕಣೋ!"

"ಅದೂ ಯೋಚನೆ ಮಾಡಿದೀವಿ ಸಾರ್. ನಾಳೆ ನಾವೆಲ್ಲಾ ಸಾಹೇಬರ ಹತ್ರ ಬಂದು ನಿಮ್ಮ ಪರವಾಗಿ ಮಾತಾಡ್ತೀವಿ."

"ಬೇಡ!" ಎಂದು ಸೇತುರಾಮ ಕಿರುಚಿದ. "ದಯವಿಟ್ಟು ಬೇಡ! ಕೈ ಎತ್ತಿ ಸಾಕು. ನೋಡಿ, ನಾನೇ ಮೊದಲು ಎತ್ತಿದೀನಿ."

"ಸಾರ್," ಎಂದಳು ಅಧ್ಯಕ್ಷಿಣಿ ಮೆಲ್ಲಗೆ, ಪೆನ್ಸಿಲ್ಲಿನಿಂದ ಮೇಜು ತಟ್ಟಿ. "ನೀವು ಸದಸ್ಯರಲ್ಲ. ನಿಮಗೆ ಓಟಿಲ್ಲ. ಕೈ ಇಳಿಸಿ ಸಾರ್."

ಸೇತುರಾಮನ ಕೈ ತಾನಾಗಿ ಕೆಳಗೆ ಬಂತು. ಠರಾವಿನ ವಿರುದ್ಧ ಇರುವವರು ಕೈ ಎತ್ತಿ ಎಂದು ಹೇಳಿ ಕೋಕಿಲಾ ಎದ್ದ ಕೈಗಳನ್ನು ಎಣಿಸಿದಳು, ತನ್ನದನ್ನೂ ಸೇರಿಸಿಕೊಂಡಳು, ಮತ್ತೆ ದುಂಡು ಅಕ್ಷರದಲ್ಲಿ ಬರೆದುಕೊಳ್ಳುತ್ತ ಗಟ್ಟಿಯಾಗಿ ಓದಿದಳು:

"ವಿಸರ್ಜನೆಯ ಠರಾವು ಹನ್ನೊಂದು ಓಟುಗಳಿಂದ ಬಿದ್ದುಹೋಯಿತು. ಮುಂದಿನ ಸಭೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ವಿದ್ಯಾಧಿಕಾರಿಗಳ ಆಫೀಸಿನಲ್ಲಿ."